ಕೋಳಿಗೆ ಅರ್ಧ ಟಿಕೆಟ್, ಆಯಿಗೆ ಸೊನ್ನೆ

2024ರ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಬಸ್ಸಿನಲ್ಲಿ ಒಬ್ಬ ಅಜ್ಜಿ, ಆಕೆಯ ಮೊಮ್ಮಗಳು, ಅವರ ಮಡಿಲಿನ ಪಂಜರದಲ್ಲಿ ನಾಲ್ಕು ಲವ್‌ಬರ್ಡ್ಸ್. ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆಯಾದ ಶಕ್ತಿ ಯೋಜನೆಯಲ್ಲಿ ಅಜ್ಜಿಗೂ ಮೊಮ್ಮಗಳಿಗೂ ಸೊನ್ನೆ ರೂಪಾಯಿ. ಹಕ್ಕಿಗಳಿಗೆ ಮಾತ್ರ ತಲಾ 111ರಂತೆ 444 ರೂಪಾಯಿ. ಟಿಕೆಟ್ಟಿನಲ್ಲಿ ಅವು ನಾಲ್ವರು ಮಕ್ಕಳೆಂದೇ ಅಚ್ಚಾಗಿದ್ದವು. ಆ ಟಿಕೆಟ್ಟಿನ ಫೋಟೊ ಮೊಬೈಲಿನಿಂದ ಮೊಬೈಲಿಗೆ ದಾಟುತ್ತ ಬೀದರಿನ ಹೊಸ ಬಸ್ ನಿಲ್ದಾಣದ ಚಹಾದಂಗಡಿವರೆಗೂ ಬಂತು. ಔರಾದ ಬಸ್ಸು ಕಾಯುತ್ತ ನಿಂತವರೂ ನಕ್ಕರು, ಭಾಲ್ಕಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಿದ್ದವರೂ ನಕ್ಕರು.

ನಗುವುದಕ್ಕೆ ಇದೇನೂ ಹೊಸ ಸರಕಲ್ಲ. 2018ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ರೈತರೊಬ್ಬರು ಒಯ್ಯುತ್ತಿದ್ದ ಎರಡು ಕೋಳಿಗೆ ಕಂಡಕ್ಟರ್ ಅರ್ಧರ್ಧ ಟಿಕೆಟ್ ಕೊಟ್ಟಾಗಲೂ ರಾಜ್ಯವೆಲ್ಲ ಹೀಗೇ ನಕ್ಕಿತ್ತು. ನನಗೆ ಆಗಲೂ ಈಗಲೂ ಒಲವು ಕಂಡಕ್ಟರ್ ಕಡೆಗೇ. ಟಿಕೆಟ್ ಪಡೆದ ಕೋಳಿಯನ್ನು ನಡುದಾರಿಯಲ್ಲಿ ಇಳಿಸು ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಪಕ್ಕದ ಸೀಟಿನವರು ಮೂಗು ಮುರಿಯಬಹುದು, ಅಷ್ಟೇ. ಪುಕ್ಕಟೆ ಬಂದ ಕೋಳಿಗೆ ಆ ಭರವಸೆ ಇಲ್ಲ. ಅದು ಕಂಡಕ್ಟರ್ ಮರ್ಜಿ ಮೇಲೆ ಕೂತಿರುತ್ತದೆ.

ಈ ಮಾತು ಬೀದರಿನವರಿಗೆ ಬೇರೆಯವರಿಗಿಂತ ಬೇಗ ತಿಳಿಯಬೇಕು. ನಮ್ಮ ನಿಲ್ದಾಣದಲ್ಲಿ ಮೂರು ರಾಜ್ಯದ ಬಸ್ಸುಗಳು ಮೈಗೆ ಮೈ ತಾಗಿಸಿ ನಿಲ್ಲುತ್ತವೆ: ನಮ್ಮ ಕಲ್ಯಾಣ ಕರ್ನಾಟಕ ಸಾರಿಗೆ, ಉದಗೀರ, ದೇಗಲೂರ ಕಡೆಯ ಮಹಾರಾಷ್ಟ್ರದ ಕೆಂಪು ಎಸ್‌ಟಿ, ಜಹೀರಾಬಾದ್ ಮೇಲಿಂದ ಬರುವ ತೆಲಂಗಾಣ ಬಸ್ಸು. ಒಂದೇ ಕೋಳಿ ಯಾವ ರಾಜ್ಯದ ಬಸ್ಸು ಹತ್ತಿತು ಎಂಬುದರ ಮೇಲೆ ಅದರ ಅಂತಸ್ತು ಬದಲಾಗುತ್ತದೆ. ಕರ್ನಾಟಕದಲ್ಲಿ ಅದು ಕೂಸು, ಅರ್ಧ ಟಿಕೆಟ್. ತೆಲಂಗಾಣದ ಕತೆ ಬೇರೆ. 2022ರ ಫೆಬ್ರುವರಿಯಲ್ಲಿ ಕರೀಂನಗರಕ್ಕೆ ಹೊರಟಿದ್ದ ಬಸ್ಸಿನಲ್ಲಿ ಪ್ರಯಾಣಿಕರೊಬ್ಬರು ಬಟ್ಟೆಯಡಿ ಮುಚ್ಚಿಟ್ಟಿದ್ದ ಹುಂಜ ಮಿಸುಕಾಡಿ ಸಿಕ್ಕಿಬಿತ್ತು. ಕಂಡಕ್ಟರ್ ಅದಕ್ಕೆ 30 ರೂಪಾಯಿ ಟಿಕೆಟ್ ಕೊಟ್ಟರು. ಆಮೇಲೆ ಅಧಿಕಾರಿಗಳು, ಟಿಕೆಟ್ ಕೊಟ್ಟಿದ್ದೇ ತಪ್ಪು, ಬಸ್ಸಿನಲ್ಲಿ ಪ್ರಾಣಿ ಪಕ್ಷಿ ಒಯ್ಯುವಂತೆಯೇ ಇಲ್ಲ, ಕೆಳಗಿಳಿಸಬೇಕಿತ್ತು ಎಂದರು. 2024ರ ಜನವರಿಯಲ್ಲಿ ಅದೇ ಕರೀಂನಗರದಲ್ಲಿ ಯಾರೋ ಬಸ್ಸಿನಲ್ಲೇ ಬಿಟ್ಟುಹೋದ ಹುಂಜವನ್ನು ಡಿಪೊದವರು ವಾರಸುದಾರರಿಲ್ಲದ ಸಾಮಾನೆಂದು ಲೆಕ್ಕ ಹಿಡಿದು ಹರಾಜಿಗೆ ಇಡಲು ಹೊರಟಿದ್ದರು. ಒಂದು ಹುಂಜ ಕೂಸಾಗಿ, ಕಳ್ಳಮಾಲಾಗಿ, ಕೊನೆಗೆ ಮರೆತುಹೋದ ಛತ್ರಿಯಾಗಿ ಮೂರು ಜನ್ಮ ಎತ್ತಬಹುದು. ಅದರಲ್ಲಿ ಯಾವುದು ವಾಸಿ ಎಂದು ಹುಂಜವನ್ನೇ ಕೇಳಿದರೆ ನನ್ನ ಮಾತಿಗೇ ಹೂಂಗುಟ್ಟೀತು.

ಇಲ್ಲೊಂದು ಅಡ್ಡಮಾತು. ತೆಲಂಗಾಣದ ಸರಕಾರಿ ಬಸ್ಸುಗಳ ನಂಬರಿನಲ್ಲಿ ಝಡ್ ಅಕ್ಷರ ಇರುವುದನ್ನು ನೋಡಿರಬಹುದು. ಅದು ಏಳನೇ ನಿಜಾಮರ ತಾಯಿ ಜೊಹರಾ ಬೇಗಂ ಹೆಸರಿನ ಗುರುತು ಎಂದು ಹಿಂದಿನಿಂದ ಹೇಳುತ್ತ ಬಂದಿದ್ದಾರೆ. ಬೀದರ್ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲಕ್ಕೆ, 1932ರಲ್ಲಿ, ನಿಜಾಮರ ರೈಲ್ವೆಯವರೇ 27 ಬಸ್ಸು ಇಟ್ಟುಕೊಂಡು ರಸ್ತೆ ಸಾರಿಗೆ ವಿಭಾಗ ತೆರೆದರು. ಮೈಸೂರು ಸರಕಾರದ ಬಸ್ಸುಗಳು ಶುರುವಾಗಿದ್ದು ಅದಾದ ಹದಿನಾರು ವರ್ಷಕ್ಕೆ, 1948ರಲ್ಲಿ. 1956ರಲ್ಲಿ ನಾವು ಮೈಸೂರು ರಾಜ್ಯ ಸೇರಿದೆವು, 2000ದಲ್ಲಿ ಕಲಬುರಗಿಯಲ್ಲಿ ನಮ್ಮ ಭಾಗಕ್ಕೆಂದೇ ಈಶಾನ್ಯ ಸಾರಿಗೆ ನಿಗಮವಾಯಿತು, 2021ರಲ್ಲಿ ಅದರ ಹೆಸರು ಕಲ್ಯಾಣ ಕರ್ನಾಟಕ ಎಂದಾಯಿತು. ಬಸ್ಸಿನ ಪಾಟಿ ಇಷ್ಟು ಸಲ ಬದಲಾದರೂ ಬುಟ್ಟಿಯಲ್ಲಿ ಕೋಳಿ ಹಿಡಿದು ಹತ್ತುವ ಆಯಿ ಮಾತ್ರ ಬದಲಾಗಿಲ್ಲ.

ಕೋಳಿಗೆ ಅರ್ಧ ಟಿಕೆಟ್ ಯಾಕೆ, ಸಾಮಾನಿನ ದರ ಯಾಕಲ್ಲ? ಬದನೆಕಾಯಿ ಚೀಲವನ್ನು ಸೀಟಿನಡಿ ತುರುಕಬಹುದು, ಅದರ ಮೇಲೆ ಇನ್ನೊಂದು ಚೀಲ ಹೇರಬಹುದು, ಟಾಪಿಗೂ ಎಸೆಯಬಹುದು. ಜೀವವಿರುವುದನ್ನು ಹಾಗೆ ಮಾಡಲಾಗದು. ಅದಕ್ಕೆ ಗಾಳಿ ಬೇಕು, ಅದು ಮಿಸುಕುತ್ತದೆ, ಹೇಲುತ್ತದೆ, ಕೂಗುತ್ತದೆ. ಅಂದಮೇಲೆ ಆರರಿಂದ ಹನ್ನೆರಡು ವರ್ಷದ ಮಕ್ಕಳಿಗಿರುವ ದರವೇ ಅದಕ್ಕೆ ಹತ್ತಿರ. ನಾಯಿಗೆ ಹಿಂದೆ ದೊಡ್ಡವರ ಪೂರ್ತಿ ದರ ಹಿಡಿಯುತ್ತಿದ್ದರು, ಆಮೇಲೆ ಅದನ್ನೂ ಅರ್ಧಕ್ಕೆ ಇಳಿಸಿದರು. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಿಗೆ ಪ್ರಾಣಿಗಳನ್ನು ಹತ್ತಿಸುವುದಿಲ್ಲ. ಸಾಮಾನ್ಯ ಬಸ್ಸು, ಎಕ್ಸ್‌ಪ್ರೆಸ್, ನಗರ ಸಾರಿಗೆಗಳಲ್ಲಿ ಮಾತ್ರ ಅವಕಾಶ. ಇವು ಕೆಎಸ್‌ಆರ್‌ಟಿಸಿ ಮಾಡಿಕೊಂಡ ನಿಯಮಗಳು. ನಮ್ಮ ನಿಗಮ ಅದರ ಹೊಟ್ಟೆಯಿಂದಲೇ ಹುಟ್ಟಿದ್ದು, ನಡೆಯೂ ಹೆಚ್ಚುಕಡಿಮೆ ಅದೇ.

ಇದನ್ನು ನಮ್ಮವರದಷ್ಟೇ ತಿಕ್ಕಲುತನ ಎಂದುಕೊಳ್ಳುವುದು ಬೇಡ. ಜರ್ಮನಿಯ ರೈಲುಗಳಲ್ಲೂ ದೊಡ್ಡ ನಾಯಿಗೆ ಮಕ್ಕಳ ದರ, ಅಂದರೆ ಅರ್ಧ. ಚೀಲ ಅಥವಾ ಪಂಜರದಲ್ಲಿ ಹಿಡಿಸುವ, ಬೆಕ್ಕಿನಷ್ಟು ಸಣ್ಣ ಪ್ರಾಣಿಗೆ ಪುಕ್ಕಟೆ. ಮೊದಲು ಹಣ ಇಸ್ಕೊಂಡರು, ಅದರ ಜತೆಗೇ ನಾಯಿಗೆ ಬಾಯಿಕುಕ್ಕೆ ಹಾಕಿಸಿ, ಹಗ್ಗ ಹಿಡಿದುಕೊಳ್ಳಿ ಎಂಬ ಕಟ್ಟುಪಾಡೂ ಮಾಡಿದರು. ನಮ್ಮಲ್ಲಿ ಹಣ ಇಸ್ಕೊಳ್ಳುವ ಅರ್ಧ ಆಗಿದೆ, ಜಾಗ ಕೊಡುವ ಇನ್ನರ್ಧ ಆಗಿಲ್ಲ. ನನ್ನ ತಕರಾರು ಇಷ್ಟೇ.

ಕಂಡಕ್ಟರ್ ಪಾಡನ್ನೂ ನೋಡಬೇಕು. ಲೈನ್ ಚೆಕಿಂಗ್‌ನವರು ಹತ್ತಿದಾಗ ಬಸ್ಸಿನಲ್ಲಿ ಟಿಕೆಟ್ ಇಲ್ಲದ ಕೋಳಿ ಸಿಕ್ಕರೆ ಅದು ಕೋಳಿಯ ಮೇಲಿನ ಕೇಸಲ್ಲ, ಕಂಡಕ್ಟರ್ ಮೇಲಿನ ಕೇಸು. ಹಾಗಾಗಿ ಬುಟ್ಟಿ ಕಂಡೊಡನೆ ಅವರ ಕಿವಿ ನೆಟ್ಟಗಾಗುತ್ತದೆ. ಜನವಾಡದಲ್ಲಿ ಹತ್ತಿದ ಆಯಿ ಒಬ್ಬಳಿಗೂ ಕಂಡಕ್ಟರಿಗೂ ನಡೆದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

‘ಬುಟ್ಟ್ಯಾಗ ಯಾನದ ಆಯಿ?’

‘ಕೋಳಿ ಅದ ತಮ್ಮಾ. ಬೀದರದಾಗ ಮಗಳ ಮನಿಗಿ ಒಯ್ಲಾಕತ್ತೀನಿ.’

‘ಅದಕ ಟಿಕೆಟ್ ತಗೋಬೇಕಾಗ್ತದ ನೋಡು.’

‘ನಂಗ ಫ್ರೀ ಅದ, ನನ್ ಕೋಳಿಗಿ ಯಾಕಿಲ್ಲ? ಅದೂ ಹೆಣ್ಣೇ ಅದ.’

‘ಖರೇ ಅದ. ಅದರ ಆಧಾರ್ ಕಾರ್ಡ್ ತೋರ್ಸು ಮತ್ತ.’

ಬಸ್ಸೆಲ್ಲ ನಕ್ಕಿತು, ಆಯಿಯೂ ನಕ್ಕಳು, ಸೀರೆಯ ಸೆರಗಿನ ಗಂಟು ಬಿಚ್ಚಿ ನೋಟು ತೆಗೆದಳು. ನಾನು ನೋಡಿದ್ದು ಆ ಬುಟ್ಟಿಯನ್ನು. ಬಿದಿರಿನ ಅಗಲ ಬುಟ್ಟಿ, ಅಡಿಯಲ್ಲಿ ಜೋಳದ ಸೊಪ್ಪಿ, ಮೇಲೆ ಹಳೆಯ ಸೀರೆಯ ತುಂಡು ಬಿಗಿದು ಅಂಚಿಗೆ ಸುತ್ತಲೂ ಹೊಲಿದಿದ್ದಳು. ಬಟ್ಟೆಗೆ ಕತ್ತರಿಯಿಂದ ಮಾಡಿದ ಒಂದು ತೂತು. ಕೋಳಿಯ ತಲೆ ಮಾತ್ರ ಅಲ್ಲಿಂದ ಹೊರಗೆ. ಚಿಕ್ಕಪೇಟೆ ದಾಟುವಷ್ಟರಲ್ಲಿ ಅದು ತಲೆಯನ್ನೂ ಒಳಗೆಳೆದುಕೊಂಡು ಸುಮ್ಮನಾಯಿತು. ಯಾವ ಪಶುವೈದ್ಯರೂ ಆಕೆಗೆ ಕಲಿಸಿರಲಿಕ್ಕಿಲ್ಲ, ಆದರೆ ಪುಸ್ತಕ ಹೇಳುವುದೂ ಅದನ್ನೇ: ಕತ್ತಲಾದರೆ ಕೋಳಿಯ ಗಾಬರಿ ಇಳಿಯುತ್ತದೆ.

ಜನವಾಡ ಬೀದರಿನಿಂದ ಔರಾದಕ್ಕೆ ಹೋಗುವ ದಾರಿಯಲ್ಲಿದೆ. ಮುಂದೆ ಕೌಠಾದಲ್ಲಿ ಮಾಂಜ್ರಾ ನದಿ ದಾಟಿ ಸಂತಪುರ, ಆಮೇಲೆ ಔರಾದ. ಬೆಳಗಿನ ಬಸ್ಸಿನಲ್ಲಿ ಕಾಲೇಜು ಹುಡುಗ ಹುಡುಗಿಯರು, ಕೋರ್ಟಿಗೆ ಹೋಗುವವರು, ಹಾಲಿನ ಕ್ಯಾನಿನವರು, ದವಾಖಾನೆಗೆ ಹೊರಟವರು. ದವಾಖಾನೆಯೆಂದರೆ ಮನುಷ್ಯರದ್ದೇ ಆಗಬೇಕಿಲ್ಲ. ಬೀದರಿನ ನಂದಿನಗರದಲ್ಲಿ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. 2004ರ ಕಾಯ್ದೆಯಿಂದ ಹುಟ್ಟಿದ್ದು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜೂ ಮಂಗಳೂರಿನ ಮೀನುಗಾರಿಕೆ ಕಾಲೇಜೂ ಇದರ ಕೈಕೆಳಗೇ ಬರುತ್ತವೆ. ರಾಜ್ಯದ ತುತ್ತತುದಿಯ ಊರಿಗೆ ಹೀಗೊಂದು ದೊಡ್ಡ ಸಂಸ್ಥೆಯ ಕೇಂದ್ರಕಚೇರಿ ಬಂದದ್ದು ಅಪರೂಪದ ಸಂಗತಿ. ಅಲ್ಲಿನ ಕಾಲೇಜಿಗೆ ಸೇರಿದ ಪಶು ಆಸ್ಪತ್ರೆಗೆ ಸುತ್ತಲ ಹಳ್ಳಿಗಳಿಂದ ಆಡು, ಕರು, ನಾಯಿ ಹಿಡಿದು ಜನ ಬರುತ್ತಾರೆ.

ಹೇಗೆ ಬರುತ್ತಾರೆ ಎಂಬುದೇ ನನ್ನ ಪ್ರಶ್ನೆ. ಬಸ್ಸಿನ ನಿಯಮ ಓದಿದರೆ ನಾಯಿ, ಬೆಕ್ಕು, ಮೊಲ, ಪಂಜರದ ಹಕ್ಕಿ ಎಂಬ ಹೆಸರುಗಳು ಕಣ್ಣಿಗೆ ಬೀಳುತ್ತವೆ. ಅಪಾರ್ಟ್‌ಮೆಂಟಿನಲ್ಲಿ ಸಾಕುವ ಜೀವಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು ಎಂದು ಗೊತ್ತಾಗುತ್ತದೆ. ನಮ್ಮ ಕಡೆ ಮನೆಯ ಪ್ರಾಣಿಯೆಂದರೆ ಮೊದಲು ಆಡು. ಬೀದರಿ ಆಡು ಎಂಬ ತಳಿಯನ್ನು ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೊ ದೇಶದ ನೋಂದಾಯಿತ ತಳಿಗಳ ಪಟ್ಟಿಗೆ ಸೇರಿಸಿದೆ. ಹೀಗೆ ಊರಿನ ಹೆಸರು ಹೊತ್ತ ಪ್ರಾಣಿಗೆ ಊರಿನ ಬಸ್ಸು ಹತ್ತಲಾಗುವುದಿಲ್ಲ. ಮರಿಯಾದರೆ ಶಾಲಿನಲ್ಲಿ ಸುತ್ತಿ ಎದೆಗವಚಿಕೊಂಡು ಹತ್ತಬಹುದು, ಕಂಡಕ್ಟರ್ ಕೂಸೆಂದುಕೊಂಡು ಇಣುಕಿ ನೋಡಿ ನಕ್ಕು ಮುಂದೆ ಹೋಗುತ್ತಾರೆ. ಬೆಳೆದ ಆಡಿಗೆ ಆ ಭಾಗ್ಯವಿಲ್ಲ. ದೇವಣಿ ದನದ ಮಾತು ಕೇಳುವುದೇ ಬೇಡ, ಲಾತೂರ ಜಿಲ್ಲೆಯ ದೇವಣಿಯ ಹೆಸರಿನ, ನಮ್ಮ ಜಿಲ್ಲೆಯ ಹೊಲಗಳಲ್ಲಿ ದುಡಿದು ಹಾಲನ್ನೂ ಕೊಡುವ ಆ ಕಪ್ಪು ಬಿಳಿ ಆಕಳಿಗೆ ಲಾರಿಯೇ ಗತಿ.

ಹಾಗಾಗಿ ಆಡು ಮೂರುಗಾಲಿಯ ಟಂಟಂನಲ್ಲಿ ಬರುತ್ತದೆ. ಟಂಟಂ ಬಗ್ಗೆ ಪಟ್ಟಣದವರು ಕೆಟ್ಟದಾಗಿ ಮಾತಾಡುವುದು ಕೇಳಿದ್ದೇನೆ. ಡ್ರೈವರ್ ಅಕ್ಕಪಕ್ಕದಲ್ಲೇ ಇಬ್ಬರು, ಹಿಂದೆ ಎಂಟು ಹತ್ತು ಮಂದಿ, ಮೇಲೆ ಸೋಯಾ ಚೀಲ. ಮಾತು ಸುಳ್ಳಲ್ಲ. ಆದರೆ ಬಸ್ಸು ಬೇಡವೆಂದ ಪ್ರಾಣಿಯನ್ನು ಅದು ಹತ್ತಿಸಿಕೊಳ್ಳುತ್ತದೆ, ಹೊಲದ ದಾರಿಯ ಬಾಯಿಗೇ ಬಂದು ನಿಲ್ಲುತ್ತದೆ, ಆಸ್ಪತ್ರೆಯ ಗೇಟಿನೆದುರಿಗೇ ಇಳಿಸುತ್ತದೆ. ದರ ಕುದುರಿಸಬಹುದು. ಆಡಿನ ಜತೆ ಕೂತವರಿಗೆ ಯಾರೂ ಮೂಗು ಮುರಿಯುವುದಿಲ್ಲ, ಯಾಕೆಂದರೆ ಕೂತವರೆಲ್ಲರ ಮನೆಯಲ್ಲೂ ಆಡಿದೆ. ಅಪಾಯವೂ ಅಲ್ಲೇ ಇದೆ. ಕಾಲು ನಾಲ್ಕೂ ಕೂಡಿಸಿ ಕಟ್ಟಿ, ಮಗ್ಗುಲಿಗೆ ಕೆಡವಿ, ಅದರ ಮೇಲೆಯೇ ಕಾಲಿಟ್ಟು ಕೂರುವವರಿದ್ದಾರೆ.

ಮಗ್ಗುಲಿಗೆ ಕೆಡವುವುದು ಯಾಕೆ ಕೆಟ್ಟದ್ದು ಎಂಬುದನ್ನು ಒಂದಿಷ್ಟು ಬಿಡಿಸಿ ಹೇಳಬೇಕು. ಆಡು ಮೆಲುಕು ಹಾಕುವ ಪ್ರಾಣಿ. ಅದರ ದೊಡ್ಡ ಹೊಟ್ಟೆಯಲ್ಲಿ ಮೇವು ಹುದುಗುತ್ತ ಸದಾ ಗಾಳಿ ಹುಟ್ಟುತ್ತಿರುತ್ತದೆ. ನಿಂತಾಗ, ಎದೆಯೂರಿ ಕೂತಾಗ ಆ ಗಾಳಿ ತೇಗಾಗಿ ಹೊರಬರುತ್ತದೆ. ಮಗ್ಗುಲಿಗೆ ಕೆಡವಿದರೆ ಹೊಟ್ಟೆಯೊಳಗಿನ ದ್ರವ ಗಂಟಲಿನ ದಾರಿಗೆ ಅಡ್ಡ ಬಂದು ಗಾಳಿ ಒಳಗೇ ಉಳಿಯುತ್ತದೆ. ಹೊಟ್ಟೆ ಉಬ್ಬಿ, ಉಸಿರಿಗೆ ಜಾಗವಿಲ್ಲದೆ ಪ್ರಾಣಿ ಸಾಯಲೂಬಹುದು. ಸಣ್ಣ ಕಾಯಿಲೆಗೆಂದು ಹೊರಟ ಆಡು ದಾರಿಯಲ್ಲೇ ದೊಡ್ಡ ಕಾಯಿಲೆ ಹಚ್ಚಿಕೊಂಡಂತೆ. ಎದೆಯೂರಿ ಕೂರಿಸಿಯೇ ಒಯ್ಯಬೇಕು, ಕೊರಳಿನ ಹಗ್ಗ ಸಡಿಲವಾಗಿರಬೇಕು, ಅಷ್ಟು ಸಾಕು.

ಕೋಳಿಯನ್ನು ಕಾಲು ಹಿಡಿದು ತಲೆಕೆಳಗಾಗಿ ತೂಗಾಡಿಸುವುದು ನಮ್ಮಲ್ಲಿ ಎಷ್ಟು ಸಾಮಾನ್ಯವೆಂದರೆ ಯಾರ ಕಣ್ಣಿಗೂ ಅದು ಬೀಳುವುದೇ ಇಲ್ಲ. ಕೋಳಿಗೆ ನಮ್ಮ ಹಾಗೆ ಎದೆಯನ್ನು ಹೊಟ್ಟೆಯಿಂದ ಬೇರೆ ಮಾಡುವ ವಪೆ ಇಲ್ಲ. ತಲೆಕೆಳಗಾದಾಗ ಕರುಳು, ಪಿತ್ತಜನಕಾಂಗದ ಭಾರವೆಲ್ಲ ಉಸಿರಿನ ಚೀಲಗಳ ಮೇಲೆ ಬೀಳುತ್ತದೆ. ಅದು ಸುಮ್ಮನಾದದ್ದು ಆರಾಮಾಗಿ ಅಲ್ಲ, ಉಸಿರು ಸಾಲದೆ. ಕೋಳಿಯ ಮೈಬಿಸಿ 41 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು, ಬೆವರುವ ಸೌಕರ್ಯವಿಲ್ಲ. ಬೀದರಿನ ಮೇ ತಿಂಗಳ ಮಧ್ಯಾಹ್ನ ಎಂಜಿನ್ ಪಕ್ಕದ ಬಾನೆಟ್ ಮೇಲೆ ಬುಟ್ಟಿ ಇಟ್ಟರೆ ಬಾಯಿ ತೆರೆದು ತೇಕುವುದೊಂದೇ ಅದರ ಕೈಲಾಗುವುದು. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟುವವರಿಗೆ ನಾನು ಹೇಳುವುದೇನೂ ಇಲ್ಲ, ಅವರಿಗೆ ಮನೆಗೆ ಹೋದಮೇಲೆ ಚೀಲವೇ ಹೇಳುತ್ತದೆ.

ನಾಯಿ ಬಸ್ಸಿನಲ್ಲಿ ವಾಂತಿ ಮಾಡಿಕೊಂಡರೆ ಅದರ ಸೊಕ್ಕೆಂದು ಬೈಯುವವರುಂಟು. ಘಾಟಿ ಹತ್ತುವ ಬಸ್ಸಿನಲ್ಲಿ ನಮಗೆ ಆಗುವುದೇ ಅದಕ್ಕೂ ಆಗುತ್ತದೆ. ಒಳಕಿವಿ ಅಲುಗಾಟ ಹೇಳುತ್ತದೆ, ಕಣ್ಣು ಸೀಟಿನ ಬೆನ್ನನ್ನೇ ನೋಡುತ್ತ ಎಲ್ಲ ನಿಂತಲ್ಲೇ ಇದೆ ಎನ್ನುತ್ತದೆ, ಎರಡರ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ಮರಿನಾಯಿಗಳಲ್ಲಿ ಇದು ಹೆಚ್ಚು, ಬೆಳೆಯುತ್ತ ಕಡಿಮೆಯಾಗುವುದೂ ಇದೆ. ಹೊರಡುವ ನಾಲ್ಕೈದು ಗಂಟೆ ಮೊದಲೇ ಊಟ ನಿಲ್ಲಿಸಿ ನೀರಷ್ಟೇ ಕೊಟ್ಟರೆ ಅರ್ಧ ಪೀಡೆ ಕಳೆಯುತ್ತದೆ. ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದ ಚೀಟಿ ಜೇಬಿನಲ್ಲಿದ್ದರೆ ಪಕ್ಕದವರ ಅರ್ಧ ಗೊಣಗಾಟವೂ ನಿಲ್ಲುತ್ತದೆ. ಬೆಕ್ಕಿನ ವಿಚಾರ ಇನ್ನೂ ಸಣ್ಣದು: ಅದು ಯಾರ ಜತೆಗೂ ಬರಲು ಒಪ್ಪುವುದಿಲ್ಲ, ಮುಚ್ಚಿದ ಬುಟ್ಟಿಯಿಲ್ಲದೆ ಹೊರಡಬೇಡಿ.

ಕಾನೂನೂ ಇದೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ 1960ರದ್ದು, ಪ್ರಾಣಿ ಸಾಗಣೆ ನಿಯಮಗಳು 1978ರವು, ಕೋಳಿಗಳ ಅಧ್ಯಾಯ 2001ರಲ್ಲಿ ಸೇರಿದ್ದು. ನೋವಾಗುವ ಹಾಗೆ ಪ್ರಾಣಿಯನ್ನು ಒಯ್ಯುವುದು ಅಪರಾಧ ಎಂದು 1960ರ ಕಾಯ್ದೆಯ 11ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಅಂದರೆ ಮೈಸೂರಿನ ದಾರಿಯಲ್ಲಿ ಒಂದು ಲವ್‌ಬರ್ಡ್‌ನ ಟಿಕೆಟ್ಟಿಗೆ ಆದ ಖರ್ಚಿನ ಅರ್ಧವೂ ಇಲ್ಲ.

ಲವ್‌ಬರ್ಡ್ಸ್ ಮಾತು ಬಂದಾಗ ಒಂದು ಎಚ್ಚರಿಕೆ. ಅಂಗಡಿಗಳಲ್ಲಿ ಆ ಹೆಸರಿನಿಂದ ಮಾರುವ ಹಕ್ಕಿಗಳು ಆಫ್ರಿಕಾ, ಆಸ್ಟ್ರೇಲಿಯಾ ಮೂಲದವು, ಸಾಕಬಹುದು. ನಮ್ಮ ಹೊಲದ ಹಸಿರು ಗಿಳಿಯನ್ನು ಪಂಜರದಲ್ಲಿಟ್ಟರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ‘ನಮ್ಮ ಮನ್ಯಾಗ ಹುಟ್ಟಿದ್ದೇ ಅದ’ ಎಂದರೂ ನಡೆಯುವುದಿಲ್ಲ. ಅರ್ಧ ಟಿಕೆಟ್ ಸಿಕ್ಕಿತೆಂದು ಅದು ಕಾನೂನಿನ ರಸೀತಿ ಆಗಿಬಿಡದು.

ರೈಲಿನತ್ತ ನೋಡೋಣವೆಂದರೆ ಅದು ಇನ್ನೂ ದೂರ. ವಿಕಾರಾಬಾದಿನಿಂದ ಬೀದರ್, ಭಾಲ್ಕಿ, ಕಮಲನಗರ ಹಾದು ಪರಳಿಗೆ ಹೋಗುವ ಹಳೆಯ ಹಳಿ ಒಂದು, 2017ರ ಅಕ್ಟೋಬರ್ 29ರಂದು ಶುರುವಾದ ಕಲಬುರಗಿ ಹಳಿ ಇನ್ನೊಂದು. ರೈಲ್ವೆಯ ನಿಯಮದಂತೆ ಫಸ್ಟ್ ಕ್ಲಾಸಿನ ಇಬ್ಬರ ಅಥವಾ ನಾಲ್ವರ ಕೋಣೆಯನ್ನು ಪೂರ್ತಿ ಕಾಯ್ದಿರಿಸಿದರೆ ನಾಯಿಯನ್ನು ಜತೆಗೆ ಕೂಡಿಸಿಕೊಳ್ಳಬಹುದು. ಇಲ್ಲವೇ ಗಾರ್ಡ್ ಡಬ್ಬಿಯ ನಾಯಿಪೆಟ್ಟಿಗೆ. ಸ್ಲೀಪರ್, ಜನರಲ್ ಡಬ್ಬಿಗಳಿಗೆ ನಾಯಿ ಹತ್ತುವಂತಿಲ್ಲ, ತೀರಾ ಸಣ್ಣ ಮರಿ ಬುಟ್ಟಿಯಲ್ಲಿದ್ದರೆ ಬೇರೆ ಮಾತು. ಭಾಲ್ಕಿಯಿಂದ ಬೀದರಿಗೆ ಸುಮಾರು 40 ಕಿಲೋಮೀಟರ್ ಪ್ಯಾಸೆಂಜರ್‌ನಲ್ಲಿ ಬರುವವರು ಫಸ್ಟ್ ಕ್ಲಾಸ್ ಕೋಣೆ ಎಲ್ಲಿಂದ ತರಬೇಕು? ಅಲ್ಲಿಗೆ ನಾಯಿಯೂ ಟಂಟಂ ಪಾಲಿಗೇ ಬಂತು.

ಟಿಕೆಟ್ ಇಲ್ಲದೆ, ಯಾರ ಪ್ರಾಣಿಯೂ ಅಲ್ಲದೆ ನಿಲ್ದಾಣದಲ್ಲೇ ಇರುವ ನಾಯಿಗಳದ್ದು ಬೇರೆ ಸಂಸಾರ. ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ ಎಂಬುದು ಅವಕ್ಕೆ ಬೋರ್ಡು ಓದುವ ನಮಗಿಂತ ಮೊದಲೇ ಗೊತ್ತಿರುತ್ತದೆ. ಇಸ್ತಾಂಬುಲ್‌ನ ಬೋಜಿ ಎಂಬ ಬೀದಿನಾಯಿ 2021ರಲ್ಲಿ ಮೆಟ್ರೊ, ದೋಣಿ, ಟ್ರಾಮ್ ಹತ್ತಿ ದಿನಕ್ಕೆ ಹತ್ತಾರು ಕಿಲೋಮೀಟರ್ ಸುತ್ತುತ್ತ ಲೋಕಪ್ರಸಿದ್ಧವಾಯಿತು, ಅಲ್ಲಿನ ನಗರಾಡಳಿತ ಅದರ ಓಡಾಟ ತಿಳಿಯಲು ಸಾಧನ ಕಟ್ಟಿತ್ತು. ನಮ್ಮ ಕಡೆಯವು ಬಸ್ಸು ಹತ್ತುವುದಿಲ್ಲ, ಅಡಿಯ ನೆರಳನ್ನಷ್ಟೇ ಬಳಸಿಕೊಳ್ಳುತ್ತವೆ. ಡ್ರೈವರುಗಳು ಸ್ಟಾರ್ಟ್ ಮಾಡುವ ಮುಂಚೆ ಹಾರ್ನ್ ಒತ್ತುವುದು ಜನರಿಗಾಗಿ ಎಂದುಕೊಂಡಿದ್ದರೆ, ಒಮ್ಮೆ ಬಗ್ಗಿ ಗಾಲಿಯ ಸಂದಿಗೆ ನೋಡಿ.

2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್, ಶಾಲೆ ಕಾಲೇಜು, ಆಸ್ಪತ್ರೆ, ಕ್ರೀಡಾಂಗಣಗಳ ಜತೆಗೆ ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದಲೂ ಬೀದಿನಾಯಿಗಳನ್ನು ಹಿಡಿದು, ಸಂತಾನಹರಣ ಮತ್ತು ಲಸಿಕೆ ಮಾಡಿಸಿ, ಆಶ್ರಯತಾಣಕ್ಕೆ ಕಳಿಸಬೇಕು, ಅದೇ ಜಾಗಕ್ಕೆ ಮರಳಿ ಬಿಡಬಾರದು ಎಂದು ಆದೇಶಿಸಿತು. ಮಗುವಿಗೆ ನಾಯಿ ಕಚ್ಚಿದ ಮನೆಯವರನ್ನು ಕೇಳಿದರೆ ಈ ಆದೇಶ ಎಷ್ಟೋ ಮೊದಲೇ ಬರಬೇಕಿತ್ತು ಎನ್ನುತ್ತಾರೆ, ಅವರ ಮಾತಿಗೆ ಎದುರಾಡುವ ಧೈರ್ಯ ನನಗಿಲ್ಲ. ಕಚ್ಚಿದ ಜಾಗವನ್ನು ಹರಿಯುವ ನೀರು, ಸಾಬೂನಿನಿಂದ ಹದಿನೈದು ನಿಮಿಷ ತೊಳೆದು ಅದೇ ದಿನ ಸರಕಾರಿ ದವಾಖಾನೆಯಲ್ಲಿ ಲಸಿಕೆ ಶುರುಮಾಡಿಸಬೇಕು. ಅರಿಶಿನ, ಸುಣ್ಣ, ಖಾರದಪುಡಿ ಯಾವುದೂ ಬೇಡ. ಆದರೆ ಆಶ್ರಯತಾಣ ಕಟ್ಟುವುದು ಆದೇಶ ಬರೆದಷ್ಟು ಸಲೀಸಲ್ಲ. ತಾಲ್ಲೂಕು ಊರಿನ ಪುರಸಭೆಗೆ ಕಸದ ಗಾಡಿ ನಡೆಸುವುದೇ ಕಷ್ಟವಾಗಿರುವಾಗ ನಾಯಿಗೆ ಶೆಡ್ಡು, ಅನ್ನ, ವೈದ್ಯರು ಎಲ್ಲಿಂದ ಬರುತ್ತಾರೆ ಎಂಬುದನ್ನು ಯಾರಾದರೂ ಲೆಕ್ಕ ಹಾಕಿ ಹೇಳಬೇಕು.

ನಾಯಿಯ ಬಗ್ಗೆ ನಮ್ಮ ಜಿಲ್ಲೆಯ ಮನಸ್ಸು ಎರಡು ತೆರನಾದದ್ದು. ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಸಂಗಾತಿಯೇ ನಾಯಿ. ಅವನ ಭಕ್ತರಾದ ವಗ್ಗಯ್ಯಗಳು ದೇವರ ನಾಯಿಗಳಾಗಿ ಬೊಗಳಿ, ಅರಿಶಿನದ ಭಂಡಾರ ಹಚ್ಚಿಕೊಂಡು ಹರಕೆ ತೀರಿಸುತ್ತಾರೆ. ಛಟ್ಟಿಯ ಜಾತ್ರೆಗೆ ಹೋಗುವ ಬಸ್ಸು ಹಳದಿ ಹಳದಿ. ಅಲ್ಲಿ ಕೈಮುಗಿಸಿಕೊಂಡ ನಾಯಿಗೆ ಮರುದಿನ ನಿಲ್ದಾಣದಲ್ಲಿ ಕಲ್ಲು. ಎರಡೂ ನಮ್ಮದೇ ಕೈ.

ಬಸ್ಸಿಗೆ ಮರಳುತ್ತೇನೆ. ಕಾಯಿಲೆಯ ಪ್ರಾಣಿಯನ್ನು ಎಲ್ಲಿಗೂ ಒಯ್ಯದೆ ಇರುವುದೇ ಮೇಲು, ಅದಕ್ಕೆಂದೇ 1962 ನಂಬರಿಗೆ ಫೋನ್ ಮಾಡಿದರೆ ಪಶು ಸಂಜೀವಿನಿ ಗಾಡಿ ಮನೆಬಾಗಿಲಿಗೆ ಬರುವ ವ್ಯವಸ್ಥೆ ರಾಜ್ಯದಲ್ಲಿದೆ. ಆಡು ಎದ್ದು ನಿಲ್ಲಲಾರದ ಸ್ಥಿತಿಯಲ್ಲಿದ್ದರೆ ಟಂಟಂ ಹುಡುಕುವ ಮೊದಲು ಆ ನಂಬರು ಒತ್ತಬೇಕು. ನಡೆಯಬಲ್ಲ ಪ್ರಾಣಿಗೆ, ಮಗಳ ಮನೆಗೆ ಹೊರಟ ಕೋಳಿಗೆ, ಲಸಿಕೆಗೆ ಹೊರಟ ನಾಯಿಗೆ ಬಸ್ಸೇ ಬೇಕು. ನಿಲ್ದಾಣದ ಗೋಡೆಯಲ್ಲಿ ಮನುಷ್ಯರ ದರದ ಫಲಕದ ಕೆಳಗೆ ಇನ್ನೆರಡು ಸಾಲು ಬರೆದರೆ ಆಯಿಗೂ ಕಂಡಕ್ಟರಿಗೂ ದಿನಬೆಳಗಾದರೆ ನಡೆಯುವ ಚೌಕಾಸಿ ತಪ್ಪುತ್ತದೆ: ಯಾವ ಪ್ರಾಣಿಗೆ ಎಷ್ಟು, ಯಾವ ಬಸ್ಸಿನಲ್ಲಿ ಹೌದು, ಯಾವುದರಲ್ಲಿ ಇಲ್ಲ. ಆಡಿನ ಮರಿಯ ಹೆಸರೂ ಆ ಸಾಲಿನಲ್ಲಿರಲಿ, ಇದು ಬೀದರ್ ಜಿಲ್ಲೆ.

ಉಳಿದದ್ದು ಜಾಗದ ಮಾತು. ಕೊನೆಯ ಸಾಲಿನ ಸೀಟಿನ ಕೆಳಗೆ, ಎಂಜಿನ್ ಬಿಸಿ ತಾಗದ ಕಡೆ, ಎರಡು ಬುಟ್ಟಿ ಹಿಡಿಸುವಷ್ಟು ಜಾಗವನ್ನು ಹಳದಿ ಗೆರೆ ಎಳೆದು ಬಿಟ್ಟುಕೊಟ್ಟರೆ ಸಾಕು. ಅದಕ್ಕೆ ಹೊಸ ಯೋಜನೆ ಬೇಡ, ಟೆಂಡರ್ ಬೇಡ, ಉದ್ಘಾಟನೆಯೂ ಬೇಡ. ಬಣ್ಣದ ಡಬ್ಬಿ ಡಿಪೊದಲ್ಲೇ ಇರುತ್ತದೆ.